ಗುಂಡಿ ತೋಡಿದವರು ಹಳ್ಳ ನೋಡಲಿಲ್ಲ

ವಾಡಿಯಿಂದ ಚಿತ್ತಾಪುರದ ಕಡೆ ಹೊರಟರೆ ಫರ್ಸಿ ಖಣಿಗಳ ಕಲ್ಲುಚೂರಿನ ದಿಬ್ಬಗಳು ಕಾಣುತ್ತವೆ. ಮೇ ತಿಂಗಳ ಒಂದು ಮುಂಜಾನೆ ಅಂಥ ಒಂದು ದಿಬ್ಬದ ಬುಡದಲ್ಲಿ ಸಾಲಾಗಿ ಹಚ್ಚಿದ್ದ ಸಸಿಗಳ ನಡುವೆ ನಿಂತು, ಒಣಗಿದ್ದ ಒಂದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದೆ. ಜಗ್ಗಬೇಕಾಗಲಿಲ್ಲ, ತಾನಾಗಿಯೇ ಬಂತು. ಬೇರಿನ ಜೊತೆ ನರ್ಸರಿಯ ಕರಿ ಪ್ಲಾಸ್ಟಿಕ್ ಚೀಲವೂ ಬಂತು. ಚೀಲ ಎಲ್ಲಿಯೂ ಹರಿದಿರಲಿಲ್ಲ. ಒಳಗೆ ಬೇರು ಹೊರಬರುವ ದಾರಿ ಹುಡುಕಿ ಚೀಲದ ಗೋಡೆಗುಂಟ ಮೂರು ನಾಲ್ಕು ಸುತ್ತು ಸುತ್ತಿ ಹುರಿಯ ಹಾಗೆ ಬಿಗಿದುಕೊಂಡಿತ್ತು. ಗುಂಡಿಗೆ ಕೈ ಇಳಿಸಿದೆ. ಮೊಣಕೈ ಮುಳುಗುವ ಮೊದಲೇ ಬೆರಳಿಗೆ ಹಾಸುಗಲ್ಲು ತಾಗಿತು. ನುಣ್ಣಗೆ, ಮನೆಯ ನೆಲದ ಹಾಗೆ. ಚೀಲ ಹರಿದಿದ್ದರೂ ಆ ಬೇರಿಗೆ ಕೆಳಗೆ ಹೋಗಲು ಜಾಗ ಇರಲಿಲ್ಲ.

ಆ ಸಸಿಯನ್ನು ಬಿಸಿಲು ಕೊಂದಿತೆಂದು ಯಾರೂ ಹೇಳಬೇಡಿ. ಅದನ್ನು ಕೊಂದದ್ದು ನಮ್ಮ ರೂಢಿ. ಚೀಲ ಹರಿಯುವಷ್ಟು ಹೊತ್ತನ್ನೂ ಕೂಲಿಯವರಿಗೆ ಕೊಡದ ಗುತ್ತಿಗೆ, ಗುಂಡಿಯ ತಳ ನೋಡದ ಮೇಲ್ವಿಚಾರಣೆ, ಸಂಖ್ಯೆ ತುಂಬಿದರೆ ಕೆಲಸ ಮುಗಿಯಿತೆನ್ನುವ ವರದಿ, ಆ ವರದಿಯನ್ನು ಒಮ್ಮೆಯೂ ಕೇಳಿ ಓದದ ಊರು, ಎಲ್ಲರದೂ ಇದರಲ್ಲಿ ಪಾಲಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಿ ತಿರುಗಿದರೂ ಇದೇ ಕಂಡಿದೆ. ಆದ್ದರಿಂದ ಈ ಮಾತು ಅರಣ್ಯ ಇಲಾಖೆಗೆ, ಗಣಿಯವರಿಗೆ, ಕಾರ್ಖಾನೆಯವರಿಗೆ ಹೇಳುವಷ್ಟೇ ಹೊಲ, ಬಾವಿ ಇರುವ ನಮಗೂ ಹೇಳುತ್ತಿದ್ದೇನೆ.

ಸತ್ತ ಸಸಿಗಳದು ಒಂದು ಕತೆಯಾದರೆ ಬದುಕಿದವುಗಳದು ಇನ್ನೊಂದು. ಬದುಕಿದ ಗಿಡ ನೀರು ಕುಡಿಯುತ್ತದೆ. ಎಷ್ಟು ಕುಡಿಯುತ್ತದೆ, ಯಾರ ಪಾಲಿನದನ್ನು ಕುಡಿಯುತ್ತದೆ ಎಂದು ನಾವು ಕೇಳಿಯೇ ಇಲ್ಲ. ನೆಲದ ಕಾನೂನು ಗಿಡ ಯಾವ ಸರ್ವೆ ನಂಬರಿನಲ್ಲಿದೆ ಎಂದು ಕೇಳುತ್ತದೆ. ನೀರಿನ ಕಾನೂನು ಬೋರ್‌ವೆಲ್ ಯಾರು ಕೊರೆದರೆಂದು ಕೇಳುತ್ತದೆ. ಬೇರಿನ ಮೂಲಕ ಮೇಲೇರಿ ಎಲೆಯಿಂದ ಆರಿಹೋಗುವ ನೀರನ್ನು ಯಾವ ಕಡತವೂ ಕೇಳುವುದಿಲ್ಲ. ಎರಡು ಕಾನೂನುಗಳ ನಡುವಿನ ಈ ಸಂದಿಯಲ್ಲಿ ನಾವು ನಾಲ್ಕು ದಶಕಗಳಿಂದ ನೆಮ್ಮದಿಯಾಗಿ ಸಸಿ ಹಚ್ಚುತ್ತ ಬಂದಿದ್ದೇವೆ.

ಲೆಕ್ಕ ಕಷ್ಟದ್ದೇನಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಎಂದು ಹಿಡಿಯಿರಿ. ಒಂದು ಹೆಕ್ಟೇರ್ ಮೇಲೆ ಬೀಳುವುದು 75 ಲಕ್ಷ ಲೀಟರ್. ಗಣಿಗಳಿಗೆ ಕೊಡುವ ಪರಿಸರ ಅನುಮತಿ ಪತ್ರಗಳಲ್ಲಿ ಹೆಕ್ಟೇರಿಗೆ 2,500 ಸಸಿ ಎಂಬ ಷರತ್ತು ಮತ್ತೆ ಮತ್ತೆ ಬರುತ್ತದೆ. ಅಂದರೆ ಒಂದು ಗಿಡಕ್ಕೆ ನಾಲ್ಕು ಚದರ ಮೀಟರ್ ನೆಲ, ವರ್ಷಕ್ಕೆ ಮೂರು ಸಾವಿರ ಲೀಟರ್ ಮಳೆ. ಒಂದು ಹನಿಯೂ ಹಳ್ಳಕ್ಕೆ ಹರಿಯದೆ, ಒಂದು ಹನಿಯೂ ಬಾವಿಗೆ ಇಳಿಯದೆ ಎಲ್ಲವೂ ಆ ಗಿಡಕ್ಕೇ ಸಿಕ್ಕಿತೆಂದರೂ ದಿನಕ್ಕೆ ಎಂಟು ಲೀಟರ್ ಅಷ್ಟೆ. ಗಿಡ ಮರವಾದ ಮೇಲೆ ಇಷ್ಟು ಸಾಲುವುದಿಲ್ಲ. ಉಳಿದದ್ದನ್ನು ಅದು ಆಳದಿಂದ ಎತ್ತುತ್ತದೆ. ಆಳದಲ್ಲಿ ನೀರಿಲ್ಲದ ಕಡೆ ಸಾಯುತ್ತದೆ. ಒಂದೋ ಬಾವಿ ಬತ್ತಬೇಕು, ಇಲ್ಲವೇ ಗಿಡ ಒಣಗಬೇಕು. ಇಷ್ಟು ಒತ್ತಾಗಿ ಹಚ್ಚುವ ಮೊದಲು ಒಮ್ಮೆ ಈ ಗುಣಾಕಾರ ಮಾಡಿದ್ದರೆ ಸಾಕಿತ್ತು.

ಸಸಿ ಬದುಕಿಸಲು ಟ್ಯಾಂಕರ್ ಇದೆಯಲ್ಲ ಎನ್ನುತ್ತೀರಿ. ಹೌದು, ನೋಡಿದ್ದೇನೆ. ಒಂದು ಗಿಡಕ್ಕೆ ಹತ್ತು ಲೀಟರ್ ಹಾಕಿದರೆ ಒಂದು ಹೆಕ್ಟೇರಿಗೆ ಒಂದು ಸರತಿಗೆ 25 ಸಾವಿರ ಲೀಟರ್, ಐದು ಸಾವಿರ ಲೀಟರಿನ ಐದು ಟ್ಯಾಂಕರ್. ಏಪ್ರಿಲ್ ಕೊನೆಯಲ್ಲಿ ಒಂದು ತಾಂಡಾದ ಎದುರಿನ ರಸ್ತೆಯಲ್ಲಿ ಇಂಥ ಒಂದು ಟ್ಯಾಂಕರಿನ ಹಿಂದೆ ಹೊರಟಿದ್ದೆ. ಬದಿಯ ಸಸಿಗಳಿಗೆ ನೀರು ಹಾಕುತ್ತ ಅದು ಮೆಲ್ಲಗೆ ಸಾಗುತ್ತಿತ್ತು. ತಾಂಡಾದ ಕಟ್ಟೆಯ ಮೇಲೆ ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತಿದ್ದವು. ಕೊಡಗಳ ಹಿಂದೆ ಹೆಂಗಸರು. ಅವರಿಗಾಗಿ ಬರಬೇಕಿದ್ದ ನೀರು ಆ ದಿನ ಬಂದಿರಲಿಲ್ಲ. ಟ್ಯಾಂಕರ್ ಅವರ ಮುಂದೆಯೇ ಹಾದು, ಅವರ ಎದುರಿನ ಒಣಕಲು ಸಸಿಗೆ ನೀರು ಸುರಿದು ಮುಂದೆ ಹೋಯಿತು. ಒಬ್ಬ ಮುದುಕಿ ನನ್ನನ್ನು ಸರ್ಕಾರದವನೆಂದು ತಿಳಿದು ಹೇಳಿದಳು: ‘ಹೋದ ವರ್ಷ ಇಲ್ಲೇ ಗಿಡ ಹಚ್ಚಿ ಹೋದ್ರಿ, ಸತ್ತವ್ರಿ. ಈ ವರ್ಷ ಮತ್ತ ಅದೇ ಕುಣ್ಯಾಗ ಹಚ್ಯಾರ್ರಿ. ನಮ್ ಕೊಡ ಮಾತ್ರ ಯಾರಿಗೂ ಕಾಣಂಗಿಲ್ರಿ.’ ನಾನು ಸರ್ಕಾರದವನಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಮರುದಿನ ವಿಚಾರಿಸಿದಾಗ ತಿಳಿಯಿತು, ಆ ಟ್ಯಾಂಕರ್ ತುಂಬುತ್ತಿದ್ದದ್ದು ತಾಂಡಾದಿಂದ ಅನತಿ ದೂರದ ಒಂದು ಬೋರ್‌ವೆಲ್ಲಿನಲ್ಲಿ.

ಇಲ್ಲಿ ಕಾನೂನು ಇಲ್ಲವೆಂದಲ್ಲ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ 1999ರಲ್ಲಿ ಕರ್ನಾಟಕ ಒಂದು ಅಂತರ್ಜಲ ಕಾಯ್ದೆ ಮಾಡಿತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. 2011ರಲ್ಲಿ ಇನ್ನೊಂದು ಕಾಯ್ದೆ ಬಂತು. ಅಂತರ್ಜಲ ಪ್ರಾಧಿಕಾರ, ಕೊಳವೆಬಾವಿಗಳ ನೋಂದಣಿ, ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯುವ ಮುನ್ನ ಅನುಮತಿ, ಎಲ್ಲವೂ ಅದರಲ್ಲಿವೆ. ಗಿಡ ಬೆಳೆಸುವ ಕೆಲಸ ಪುಣ್ಯದ್ದು, ಅದಕ್ಕೆ ಈ ನಿಯಮಗಳು ತಾಗುವುದಿಲ್ಲ ಎಂಬ ಭಾವನೆ ಅಧಿಕಾರಿಗಳಲ್ಲಿಯೂ ಇದೆ, ರೈತರಲ್ಲಿಯೂ ಇದೆ. ಆ ಭಾವನೆಗೆ ಕಾಯ್ದೆಯಲ್ಲಿ ಆಧಾರವಿಲ್ಲ. ಶ್ರೀಗಂಧಕ್ಕೆ ಕೊರೆದ ಬೋರ್ ಆಗಲಿ, ಕಾರ್ಖಾನೆಯ ಹಸಿರು ಪಟ್ಟಿಗೆ ಕೊರೆದ ಬೋರ್ ಆಗಲಿ, ಕಬ್ಬಿಗೆ ಕೊರೆದದ್ದಾಗಲಿ, ಕುಡಿಯುವ ನೀರಿನ ಬಾವಿಗೆ ಎಲ್ಲವೂ ಒಂದೇ.

ನಮ್ಮ ನೆಲದ ರಚನೆ ತಿಳಿದವರು ಇನ್ನೂ ಎಚ್ಚರದಿಂದ ಇರಬೇಕಿತ್ತು. ಭೀಮಾ ಕಣಿವೆಯ ಸುಣ್ಣಕಲ್ಲು ಪುಸ್ತಕದ ಹಾಳೆಗಳ ಹಾಗೆ ಒಂದರ ಮೇಲೊಂದು ಮಲಗಿದೆ. ಅದಕ್ಕೇ ಅದು ಫರ್ಸಿಯಾಗಿ ಏಳುತ್ತದೆ, ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಕಲ್ಲಿನ ಒಡಲಲ್ಲಿ ನೀರು ನಿಲ್ಲುವುದಿಲ್ಲ, ಪದರು ಪದರುಗಳ ನಡುವಿನ ಸಂದಿಯಲ್ಲಿ, ಬಿರುಕುಗಳಲ್ಲಿ ಅಡ್ಡಡ್ಡ ಹರಿಯುತ್ತದೆ. ಒಂದು ಕಡೆ ಆಳದ ಖಣಿ ತೋಡಿ ನೀರು ಮೇಲೆತ್ತಿದರೆ ಇನ್ನೊಂದು ಕಡೆ ಯಾರದೋ ಸೇದುವ ಬಾವಿಯ ನೀರು ಇಳಿಯುತ್ತದೆ. ಶಹಾಬಾದಿನ ಹಳೆಯ ಕಲ್ಲುಕುಟಿಗರು ಇದನ್ನು ಯಾವ ಭೂವಿಜ್ಞಾನಿಯೂ ಹೇಳುವ ಮೊದಲೇ ತಿಳಿದಿದ್ದರು. ಹಾರೆಯ ಪೆಟ್ಟಿನ ಸದ್ದು ಕೇಳಿ ಕೆಳಗಿನ ಪದರಿನಲ್ಲಿ ನೀರಿದೆಯೋ ಇಲ್ಲವೋ ಹೇಳುವವರನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೇನೆ. ಹಾಸುಗಲ್ಲಿನ ಮೇಲೆ ಒಂದೂವರೆ ಅಡಿ ಮಣ್ಣಿರುವ ಕಡೆ ಸಾಗವಾನಿ ಹಚ್ಚುವವರು ಆ ಕಲ್ಲುಕುಟಿಗರನ್ನು ಒಂದು ಮಾತು ಕೇಳಲಿಲ್ಲ.

ಈಗ ಗಣಿಯ ಮಾತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅನುಮತಿ ಪಡೆದವರು ಷರತ್ತುಗಳನ್ನು ಪಾಲಿಸಿದ ಬಗ್ಗೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ. ಅನುಮತಿ ಪತ್ರದ ಪ್ರತಿಯನ್ನು ಪಂಚಾಯಿತಿಗೆ, ಪುರಸಭೆಗೆ ಕೊಡಬೇಕು, ಅವರು ಅದನ್ನು 30 ದಿನ ಜನರಿಗೆ ಕಾಣುವಂತೆ ಹಚ್ಚಬೇಕು. ಕಾರ್ಖಾನೆ ಆವರಣದ ಶೇ. 33ರಷ್ಟು ಹಸಿರು, ಗಣಿ ಗುತ್ತಿಗೆಯ ಗಡಿಗುಂಟ 7.5 ಮೀಟರ್ ಪಟ್ಟಿಯಲ್ಲಿ ಗಿಡ, ಮೇಲ್ಮಣ್ಣನ್ನು ಬೇರೆಯಾಗಿ ಕಾಯ್ದಿಟ್ಟು ಮತ್ತೆ ಬಳಸುವುದು, ನೆಲದ ನೀರಿನ ಮಟ್ಟ ಮುಟ್ಟುವ ಮೊದಲೇ ಒಪ್ಪಿಗೆ, ಇಂಥವು ಈ ಪತ್ರಗಳ ಸಾಮಾನ್ಯ ಷರತ್ತುಗಳು. ಗ್ರಾಮ ಪಂಚಾಯಿತಿ ಸದಸ್ಯರೇ, ನಿಮ್ಮ ಕಚೇರಿಯ ಕಪಾಟಿನಲ್ಲಿರುವ ಆ ಪತ್ರವನ್ನು ನೀವು ಎಂದಾದರೂ ತೆಗೆದು ಓದಿದ್ದೀರಾ? ಗಣಿಯವರಿಂದ ಗುಡಿಯ ಕಟ್ಟೆಗೆ ಫರ್ಸಿ ಕೇಳಿದ್ದೀರಿ, ಜಾತ್ರೆಗೆ ವಂತಿಗೆ ಕೇಳಿದ್ದೀರಿ. ಜೂನ್ 1ರ ವರದಿಯನ್ನು ಕೇಳಿದವರು ನನಗೆ ಇನ್ನೂ ಸಿಕ್ಕಿಲ್ಲ.

ಮೇಲ್ಮಣ್ಣಿನ ಷರತ್ತನ್ನೇ ನೋಡಿ. ಸೇಡಂ, ಚಿತ್ತಾಪುರದ ಎರೆಮಣ್ಣು ತೊಗರಿಯನ್ನು ಬೆಳೆದ ಮಣ್ಣು. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತೆಂದು ಹೆಮ್ಮೆಪಟ್ಟೆವು. ಖಣಿ ತೆರೆಯುವಾಗ ಅದೇ ಮಣ್ಣನ್ನು ಮೊದಲು ಕೆರೆದು ಗುಡ್ಡೆ ಹಾಕುತ್ತಾರೆ. ಅದರ ಮೇಲೆ ಕಲ್ಲುಚೂರು ಬಿದ್ದರೆ ಆ ಮಣ್ಣು ಮುಗಿಯಿತು. ಎರಡು ಮಳೆಗಾಲ ತೆರೆದು ಬಿಟ್ಟರೆ ಅರ್ಧ ಹಳ್ಳದ ಪಾಲು. ಉಳಿದ ಬರಿ ಚೂರಿನ ದಿಬ್ಬದ ಮೇಲೆ ಗುಂಡಿ ತೋಡಿ ಗಿಡ ಹಚ್ಚುತ್ತಾರೆ. ಒಳ್ಳೆಯ ಮಣ್ಣನ್ನು ನದಿಗೆ ಕಳಿಸಿ, ಮಣ್ಣೇ ಇಲ್ಲದಲ್ಲಿ ಕಾಡು ಮಾಡುವ ಪ್ರಯತ್ನ ಇದು. ಹಳ್ಳಕ್ಕೆ ಇಳಿದ ಮಣ್ಣು ಕಾಗಿಣಾ ಸೇರುತ್ತದೆ. ಮುಲ್ಲಾಮಾರಿ, ಬೆಣ್ಣೆತೊರಾಗಳ ನೀರು ಹೊತ್ತು ಭೀಮೆಗೆ ಹೋಗುವ ಈ ನದಿ 2020ರ ಅಕ್ಟೋಬರಿನಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅದೇ ನದಿಯನ್ನು ಏಪ್ರಿಲಿನಲ್ಲಿ ನೋಡಿ, ಅಲ್ಲಲ್ಲಿ ಗುಂಡಿಗಳಲ್ಲಿ ಪಾಚಿಗಟ್ಟಿ ನಿಂತಿರುತ್ತದೆ. ಮಳೆಯನ್ನು ಹಿಡಿದು ಮೆಲ್ಲಗೆ ಬಿಡುವ ಮಣ್ಣು, ಹುಲ್ಲು ಹೋದ ನೆಲದಲ್ಲಿ ನದಿ ಹೀಗೆಯೇ ಆಗುತ್ತದೆ.

ಹುಲ್ಲು ಎಂದೆ. ಇದನ್ನು ಬಿಟ್ಟು ಮುಂದೆ ಹೋಗಲಾರೆ. 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಗಣಿಗಾರಿಕೆ ನಿಂತ ಮೇಲೆ ಗುತ್ತಿಗೆದಾರರು ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡಗಂಟಿ, ಜೀವಜಂತು ಮರಳುವ ಸ್ಥಿತಿಗೆ ತರಬೇಕು, ಈ ಷರತ್ತನ್ನು ಗುತ್ತಿಗೆಗಳಲ್ಲಿಯೇ ಸೇರಿಸಬೇಕು ಎಂದು. ಅದೇ ತಿಂಗಳು ಕೇಂದ್ರ ಪರಿಸರ ಸಚಿವಾಲಯ ಅದನ್ನು ಅನುಮತಿ ಪತ್ರಗಳ ಷರತ್ತಾಗಿ ಮಾಡಿತು. ನ್ಯಾಯಾಲಯ ಹೇಳಿದ್ದು ಹುಲ್ಲು, ಮೇವು. ಯಾಕೆಂದರೆ ಗಣಿಗೆ ಹೋದ ಎಷ್ಟೋ ನೆಲ ಅದಕ್ಕೆ ಮೊದಲು ದನ ಮೇಯುತ್ತಿದ್ದ ನೆಲ. ನಾವು ಇಂದಿಗೂ ವರದಿಯಲ್ಲಿ ಬರೆಯುವುದು ಸಸಿಗಳ ಸಂಖ್ಯೆ. ಹುಲ್ಲನ್ನು ಎಣಿಸಲು ಬರುವುದಿಲ್ಲ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಎದ್ದು ಕಾಣುವುದಿಲ್ಲ. ಆದರೆ ದಿಬ್ಬದ ಮಣ್ಣನ್ನು ಮೊದಲ ಮಳೆಗಾಲದಲ್ಲೇ ಹಿಡಿಯುವುದು ಹುಲ್ಲಿನ ಬೇರು. ಅದಕ್ಕೆ ಟ್ಯಾಂಕರ್ ಬೇಡ, ಬೋರ್ ಬೇಡ, ಬೇಸಿಗೆಯಲ್ಲಿ ತಾನೇ ಒಣಗಿ ನೀರನ್ನು ನೆಲಕ್ಕೇ ಬಿಡುತ್ತದೆ, ಮಳೆ ಬಂದರೆ ಚಿಗುರುತ್ತದೆ. ಎಮ್ಮೆ, ಆಡು ಕಟ್ಟಿಕೊಂಡ ಮನೆಗೆ ಅದೇ ಆಸರೆ.

ಗಾಯರಾಣದ, ಅಂದರೆ ಗೋಮಾಳದ, ವಿಷಯದಲ್ಲಿ ನಮ್ಮ ತಪ್ಪು ಇದಕ್ಕಿಂತ ಹಳೆಯದು. ದನ ಮೇಯಲು ನೂರು ದನಕ್ಕೆ 12 ಹೆಕ್ಟೇರಿನಂತೆ, ಹಳೆಯ ಲೆಕ್ಕದಲ್ಲಿ 30 ಎಕರೆ, ಪ್ರತಿ ಊರಿಗೆ ಜಾಗ ಮೀಸಲಿಡಬೇಕೆಂದು ರಾಜ್ಯದ ಭೂಕಂದಾಯ ನಿಯಮಗಳೇ ಹೇಳುತ್ತವೆ. ಊರ ಸಾಮೂಹಿಕ ನೆಲದ ಒತ್ತುವರಿ ತೆರವು ಮಾಡಿ ಎಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ನಾವು ಏನು ಮಾಡಿದೆವು? ಗಾಯರಾಣವನ್ನು ಪಾಳುಭೂಮಿ ಎಂದು ಕರೆದೆವು. ಪಾಳು ಎಂದ ಮೇಲೆ ಅದು ಯಾರಿಗೆ ಬೇಕಾದರೂ ಸಿಗುತ್ತದೆ. ಒಬ್ಬರು ಕಲ್ಲು ತೆಗೆದರು, ಒಬ್ಬರು ಉಳುಮೆ ಮಾಡಿಕೊಂಡರು, ಉಳಿದದ್ದರಲ್ಲಿ ಇಲಾಖೆ ಒಂದೇ ಜಾತಿಯ ಸಸಿ ಹಚ್ಚಿ ಬೇಲಿ ಹಾಕಿತು. 2023ರಲ್ಲಿ ಬಂದ ಹಸಿರು ಕ್ರೆಡಿಟ್ ನಿಯಮಗಳೂ ಇದೇ ದಾರಿ ಹಿಡಿದವು. ಮರುವರ್ಷ ಫೆಬ್ರುವರಿಯಲ್ಲಿ ಹೊರಟ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂದಿತ್ತು. ನಮ್ಮ ಸೀಮೆಯಲ್ಲಿ ಕೃಷ್ಣಮೃಗ, ತೋಳ, ನರಿ ಬದುಕಿದ್ದೇ ಬಯಲಿನಿಂದ. ಬಯಲಿನಲ್ಲಿ ಒತ್ತಾಗಿ ಮರ ನಿಲ್ಲಿಸಿದರೆ ಅವಕ್ಕೆ ನೆಲೆ ತಪ್ಪುತ್ತದೆ, ಕುರಿಗಾರನಿಗೆ ಮೇವು ತಪ್ಪುತ್ತದೆ, ಹಳ್ಳಕ್ಕೆ ನೀರು ತಪ್ಪುತ್ತದೆ.

ಶಹಾಬಾದ್, ವಾಡಿಯ ನಾಲಾಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಫರ್ಸಿ ಕೊಯ್ದು ಪಾಲಿಶ್ ಮಾಡುವ ಘಟಕಗಳಿಂದ ಬರುವ ಬೂದು ರಾಡಿ ನಾಲಾದ ದಂಡೆಗೆ ಹರಿದು ಒಣಗುತ್ತದೆ. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಏಳುತ್ತದೆ. ಆ ಪದರದ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರಿ ಹೋಗುತ್ತದೆ. ಅದೇ ದಂಡೆಯಲ್ಲಿ ಹಚ್ಚಿದ ಹೊಂಗೆಯ ಎಲೆ ಮುಟ್ಟಿದರೆ ಇಬ್ಬನಿಗೆ ನೆನೆದು ಗಟ್ಟಿಯಾದ ಸಿಮೆಂಟ್ ದೂಳು ಕೈಗೆ ಚುಚ್ಚುತ್ತದೆ. 1974ರ ಜಲ ಮಾಲಿನ್ಯ ಕಾಯ್ದೆಯಲ್ಲಿ ಈ ರಾಡಿಗೆ ಜಾಗವಿಲ್ಲ. ಐವತ್ತು ವರ್ಷ ಆಯಿತು. ಘಟಕ ನಡೆಸುವವರು ಹೆಚ್ಚಿನವರು ದೊಡ್ಡ ಶ್ರೀಮಂತರಲ್ಲ, ನಮ್ಮ ಅಣ್ಣತಮ್ಮಂದಿರೇ. ಎರಡು ತೊಟ್ಟಿ ಕಟ್ಟಿ ರಾಡಿ ಕೆಳಗೆ ನಿಲ್ಲಿಸಿ ತಿಳಿನೀರನ್ನು ಮತ್ತೆ ಯಂತ್ರಕ್ಕೇ ಹಾಯಿಸುವುದು ಅವರ ಕೈಗೆ ಮೀರಿದ ಕೆಲಸವೂ ಅಲ್ಲ. ಮಾಡದೆ ಇರುವುದಕ್ಕೆ ಒಂದೇ ಕಾರಣ: ಇಷ್ಟು ವರ್ಷ ಯಾರೂ ಕೇಳಿಲ್ಲ.

ಇನ್ನು ಚಿಂಚೋಳಿ. ಇಡೀ ಜಿಲ್ಲೆಯಲ್ಲಿ ಕಾಡು ಎಂದು ಬಾಯಿತುಂಬ ಹೇಳಬಹುದಾದ ನೆಲ ಇದೊಂದೇ. 2011ರಲ್ಲಿ 134.88 ಚದರ ಕಿಲೋಮೀಟರನ್ನು ವನ್ಯಜೀವಿಧಾಮ ಎಂದು ಘೋಷಿಸಲಾಯಿತು. ನಡುವೆ ಸಹಜವಾದ ಎಲೆಯುದುರುವ ಕಾಡು, ಅಂಚಿಗೆ ಅಕೇಶಿಯಾ ಮತ್ತು ಸಾಗವಾನಿಯ ನೆಡುತೋಪು. ಒಳಗೆ ಚಂದ್ರಂಪಳ್ಳಿಯ ಜಲಾಶಯ, ಇನ್ನೂ ಕೆಲವು ಚಿಕ್ಕ ಕಟ್ಟೆಗಳು, ಎತ್ತಿಪೋತದ ಧಾರೆ, ಲಂಬಾಣಿ ತಾಂಡಾಗಳು. ಮಳೆಗಾಲದ ಮೊದಲ ದೊಡ್ಡ ಮಳೆಯ ಮರುದಿನ ಅಂಚಿನ ಸಾಗವಾನಿಯಲ್ಲಿ ಹೊಕ್ಕು, ಅಲ್ಲಿಂದ ಒಳಗಿನ ಕಾಡಿಗೆ ನಡೆಯಿರಿ. ಸಾಗವಾನಿಯ ಅಡಿಯಲ್ಲಿ ನೆಲ ಬೆತ್ತಲೆ. ಅಗಲ ಎಲೆಯ ಮೇಲೆ ಕೂಡಿದ ನೀರು ದಪ್ಪ ಹನಿಯಾಗಿ ಬಿದ್ದು ಮಣ್ಣು ಎದ್ದಿರುತ್ತದೆ, ಕೆಂಪು ನೀರು ಗೆರೆ ಕೊರೆದುಕೊಂಡು ಕೆಳಗೆ ಇಳಿದಿರುತ್ತದೆ. ನೂರು ಹೆಜ್ಜೆ ಒಳಗೆ ಹೋದರೆ ಪೊದೆ, ಹುಲ್ಲು, ತರಗೆಲೆ. ಕಾಲಿಗೆ ಮಣ್ಣು ಮೆತ್ತುವುದಿಲ್ಲ, ಹಳ್ಳದಲ್ಲಿ ತಿಳಿನೀರು. ಒಂದೇ ಮಳೆ, ಒಂದೇ ಇಳಿಜಾರು. ಎರಡನ್ನೂ ಹಸಿರು ಎಂದೇ ಒಂದೇ ಪಟ್ಟಿಯಲ್ಲಿ ಬರೆಯುವವರು ಈ ನೂರು ಹೆಜ್ಜೆ ನಡೆದಿಲ್ಲ.

ಅಭಯಾರಣ್ಯವಾದ ಮೇಲೆ ಇಲಾಖೆಯ ಕೈ ಕಟ್ಟಿದೆ ಎಂಬ ಮಾತನ್ನು ಅಲ್ಲಿ ಕೇಳುತ್ತೇನೆ. ಇದು ಅರ್ಧ ನಿಜ. ಅಭಯಾರಣ್ಯಗಳಿಂದ ಒಣಮರ, ಬಿದ್ದ ಮರ, ಹುಲ್ಲು ಏನನ್ನೂ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ತಡೆ ಹಾಕಿತು. ವನ್ಯಜೀವಿ ಕಾಯ್ದೆಯ 29ನೆಯ ಕಲಂ ಇನ್ನೂ ಕಟ್ಟುನಿಟ್ಟು. ಆ ಕಲಮಿನ ಒಂದು ಮಾತು ನಮ್ಮ ಅನೇಕರ ಕಣ್ಣಿಗೆ ಬಿದ್ದಿಲ್ಲ. ಪ್ರಾಣಿಯ ನೆಲೆ ಹಾಳು ಮಾಡುವುದನ್ನು ತಡೆದಂತೆಯೇ, ಅಭಯಾರಣ್ಯದ ಒಳಕ್ಕೆ ಅಥವಾ ಹೊರಕ್ಕೆ ಹರಿಯುವ ನೀರನ್ನು ತಿರುಗಿಸುವುದು, ನಿಲ್ಲಿಸುವುದು, ಹೆಚ್ಚಿಸುವುದನ್ನೂ ಅದು ಪರವಾನಗಿ ಇಲ್ಲದೆ ತಡೆಯುತ್ತದೆ. ವನ್ಯಜೀವಿಗಳ ಒಳಿತಿಗೆ, ಉತ್ತಮ ನಿರ್ವಹಣೆಗೆ ಬೇಕೆಂದು ರಾಜ್ಯ ಸರ್ಕಾರಕ್ಕೆ ಮನವರಿಕೆಯಾದರೆ ಪರವಾನಗಿಗೆ ಅಲ್ಲಿಯೇ ದಾರಿ ಇದೆ. ಅಕೇಶಿಯಾ, ಸಾಗವಾನಿಯನ್ನು ಹಂತ ಹಂತವಾಗಿ ತೆಳ್ಳಗೆ ಮಾಡಿ, ಹುಲ್ಲಿಗೆ, ಸ್ಥಳೀಯ ಗಿಡಗಳಿಗೆ ಬೆಳಕು ಬಿಡುವುದು ವನ್ಯಜೀವಿಗಳ ಒಳಿತಲ್ಲವೇ? ಅರ್ಜಿ ಬರೆಯಿರಿ. ಕಾರಣ ತೋರಿಸಿ. ರಾಷ್ಟ್ರೀಯ ಕಾರ್ಯಯೋಜನಾ ಸಂಹಿತೆ ಮಣ್ಣು ಮತ್ತು ನೀರಿನ ಸ್ಥಿತಿಯನ್ನು ದಾಖಲಿಸಿ ಎಂದು 2014ರಿಂದಲೇ ಕೇಳುತ್ತಿದೆ. ನೆಡುತೋಪಿನ ಕೆಳಗಿನ ಹಳ್ಳದಲ್ಲಿ ಒಂದು ಅಳತೆಕೋಲು ನಿಲ್ಲಿಸಲು ಯಾವ ನ್ಯಾಯಾಲಯವೂ ಅಡ್ಡ ಬಂದಿಲ್ಲ.

ಈ ಪಾಠ ಕನ್ನಡ ನಾಡಿಗೆ ಹೊಸದಲ್ಲ, ಆದ್ದರಿಂದಲೇ ನನಗೆ ಸಿಟ್ಟು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಕಾಗದದ ತಿರುಳಿಗಾಗಿ ಊರ ನೆಲವನ್ನು ಒಂದು ಜಂಟಿ ಕಂಪನಿಗೆ ಕೊಟ್ಟಿದ್ದನ್ನು ಜನ ಒಪ್ಪಲಿಲ್ಲ. ಶಿವರಾಮ ಕಾರಂತರು ಆ ಹೋರಾಟದ ಜೊತೆ ನಿಂತು ಸುಪ್ರೀಂ ಕೋರ್ಟಿಗೂ ಹೋದರು, 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಅದಾದ ಮೇಲೆ ಹೊಸಕೋಟೆಯ ನೀಲಗಿರಿ ತೋಪಿನಲ್ಲಿ ವಿಜ್ಞಾನಿಗಳು ವರ್ಷಗಟ್ಟಲೆ ಅಳೆದು ನೋಡಿದರು. ಆಳದ ಮಣ್ಣು ಸಿಕ್ಕ ಕಡೆ ಎಳೆಯ ಗಿಡಗಳ ಬೇರು ಎಂಟು ಮೀಟರಿನವರೆಗೂ ಇಳಿದು, ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಎತ್ತಿತ್ತು. 2017ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಹಚ್ಚುವುದನ್ನು ನಿಷೇಧಿಸಿತು. ತುಮಕೂರಿನ ರೈತರು ಹೇಳಿದ್ದನ್ನು ಸರ್ಕಾರ ಬರೆಯಲು 34 ವರ್ಷ ಹಿಡಿಯಿತು.

ಆ ಆದೇಶವನ್ನೂ ನಾವು ಓದಿದ್ದು ಹೇಗೆ? ಒಂದು ಮರದ ಹೆಸರಿನ ಮೇಲೆ ನಿಷೇಧ ಎಂದು ಓದಿದೆವು. ನೀಲಗಿರಿ ಬಿಟ್ಟು ಬೇಗ ಬೆಳೆಯುವ ಇನ್ನೊಂದನ್ನು, ಅದೇ ಒತ್ತಿನಲ್ಲಿ, ಅದೇ ಹಳ್ಳದ ದಂಡೆಗೆ ಹಚ್ಚಿದೆವು. ಕೊನೊಕಾರ್ಪಸ್ ಸಾಲುಗಳು ಎಷ್ಟೋ ಆವರಣಗಳಲ್ಲಿ ಎದ್ದಿವೆ. ಗುಜರಾತ್ 2023ರಲ್ಲಿ ಅದನ್ನು ಹಚ್ಚುವುದಕ್ಕೆ ತಡೆ ಹಾಕಿತು. ನಾವು ನಮ್ಮ ಆದೇಶಕ್ಕೆ ಕಾಯುತ್ತ ಕೂತೆವು. ಎಷ್ಟು ಒತ್ತಾಗಿ, ಎಂಥ ಮಣ್ಣಿನಲ್ಲಿ, ಯಾವ ಹಳ್ಳದ ತಲೆಯಲ್ಲಿ, ಎಷ್ಟು ಎಕರೆ ಎಂಬ ಪ್ರಶ್ನೆಗಳನ್ನು ಮರದ ಹೆಸರು ಬದಲಿಸಿ ತಪ್ಪಿಸಿಕೊಳ್ಳಲಾಗದು.

ದಕ್ಷಿಣ ಆಫ್ರಿಕಾ ಇದನ್ನು ನೇರವಾಗಿ ಎದುರಿಸಿತು. ಅಲ್ಲಿ 1972ರಿಂದಲೇ ವಾಣಿಜ್ಯ ನೆಡುತೋಪಿಗೆ ಅನುಮತಿ ಬೇಕು. 1998ರ ನೀರಿನ ಕಾಯ್ದೆ ಅದನ್ನು ‘ಹೊಳೆಯ ಹರಿವು ತಗ್ಗಿಸುವ ಕೆಲಸ’ ಎಂದೇ ಹೆಸರಿಟ್ಟು ಕರೆಯಿತು. ನೀರಾವರಿ ಮಾಡದಿದ್ದರೂ ಸರಿ, ಮರ ಹಚ್ಚುವವನು ನೀರು ಬಳಸುವವನೇ, ಅವನಿಗೆ ಪರವಾನಗಿ ಬೇಕು. ಈ ನಿಲುವಿನ ಹಿಂದೆ ಅಳತೆಯ ಬಲವಿತ್ತು. ಮೊಕೊಬುಲಾನ್ ಎಂಬಲ್ಲಿ ಹುಲ್ಲುಗಾವಲಿನ ಒಂದು ಚಿಕ್ಕ ಕಣಿವೆಗೆ 1969ರಲ್ಲಿ ನೀಲಗಿರಿ ಹಚ್ಚಿದರು. ಒಂಬತ್ತನೆಯ ವರ್ಷಕ್ಕೆ ತೊರೆ ಪೂರ್ತಿ ಬತ್ತಿತು. ಹದಿನಾರನೆಯ ವರ್ಷ ಮರಗಳನ್ನೆಲ್ಲ ಕಡಿದರು. ಕಡಿದ ಕೂಡಲೇ ತೊರೆ ಬರಲಿಲ್ಲ, ಬರಿದಾದ ಆಳದ ಮಣ್ಣು ಮತ್ತೆ ನೀರು ತುಂಬಿಕೊಂಡು ತೊರೆ ಹರಿಯಲು ಐದು ವರ್ಷ ಬೇಕಾಯಿತು. ಅಲ್ಲಿ ಮಳೆ ನಮಗಿಂತ ಹೆಚ್ಚು. ಇಷ್ಟು ತಿಳಿದ ಮೇಲೂ ನಮ್ಮಲ್ಲಿ ನೆಡುತೋಪಿನ ಅಂದಾಜುಪಟ್ಟಿಯಲ್ಲಿ ಗುಂಡಿಗೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಬೇಲಿಗೆ ಇಷ್ಟು, ಹಲಿಗೆಗೆ ಇಷ್ಟು ಎಂದು ಬರೆದು, ಹಳ್ಳಕ್ಕೆ ಎಷ್ಟು ಉಳಿಯಿತು ಎಂಬ ಸಾಲೇ ಇಲ್ಲದೆ ಸಹಿ ಹಾಕುತ್ತೇವೆ.

ರೈತರೇ, ನಿಮಗೂ ಒಂದು ಮಾತು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ಸರ್ಕಾರ ಹಣ ಕೊಡುತ್ತದೆ. ಒಳ್ಳೆಯದು, ತೆಗೆದುಕೊಳ್ಳಿ. 2001ರ ತಿದ್ದುಪಡಿಯಿಂದ ನಿಮ್ಮ ಹೊಲದ ಶ್ರೀಗಂಧ ನಿಮ್ಮದೇ, ಅದೂ ಒಳ್ಳೆಯದು. ಆದರೆ ಬದುವಿನ ಬೇವು, ಹೊಂಗೆ, ಬನ್ನಿ, ಕರಿಜಾಲಿ ಕಡಿದು ಹಾಕಿ, ತೊಗರಿ ಹೊಲದ ನಡುವೆ ಮಹಾಗನಿ ತುಂಬಿ, ಅದಕ್ಕೊಂದು ಬೋರ್ ಕೊರೆಸಿ, ಹತ್ತು ವರ್ಷದಲ್ಲಿ ಕೋಟಿ ಎಂಬ ಜಾಹೀರಾತನ್ನು ನಂಬುವ ಮೊದಲು ನೆರೆಯ ಹೊಲದವನ ಬಾವಿ ನೋಡಿ ಬನ್ನಿ. ನಿಮ್ಮಪ್ಪ ಬದುವಿನ ಮೇಲೆ ಬೇವು ಬಿಟ್ಟಿದ್ದ. ಅದಕ್ಕೆ ಯಾರೂ ನೀರು ಹಾಕಲಿಲ್ಲ. ನಲವತ್ತು ವರ್ಷ ನೆರಳು ಕೊಟ್ಟಿತು, ಬಾವಿಯೂ ಇತ್ತು.

ಗಿಡ ಹಚ್ಚಬೇಡಿ ಎಂದು ನಾನು ಹೇಳುತ್ತಿಲ್ಲ. ಹೀಗೆ ಹಚ್ಚಬೇಡಿ ಎನ್ನುತ್ತಿದ್ದೇನೆ. ಮೇಲ್ಮಣ್ಣು ಮರಳಿ ಹಾಸದೆ ದಿಬ್ಬಕ್ಕೆ ಗುಂಡಿ ತೋಡಬೇಡಿ, ಮೊದಲ ಎರಡು ಮಳೆಗಾಲ ಹುಲ್ಲಿಗೆ, ಪೊದೆಗೆ ಬಿಡಿ. ಹಾಸುಗಲ್ಲು ಮೊಣಕೈ ಆಳದಲ್ಲಿದ್ದರೆ ಅಲ್ಲಿ ಮರದ ಮಾತು ಬಿಡಿ. ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆದದ್ದನ್ನು ಕಡಿದು ಸಾಲು ಹಚ್ಚಬೇಡಿ. ಟ್ಯಾಂಕರಿನ ಬಿಲ್ಲಿನ ಮೇಲೆ ನೀರು ತುಂಬಿದ ಜಾಗದ ಹೆಸರು ಬರೆಯದಿದ್ದರೆ ಆ ಬಿಲ್ಲಿಗೆ ಹಣ ಕೊಡಬೇಡಿ.

ಬರುವ ಜೂನ್ 5ರ ಪರಿಸರ ದಿನಕ್ಕೆ ನಿಮ್ಮ ಊರಲ್ಲೂ ಶಾಮಿಯಾನ ಹಾಕುತ್ತಾರೆ, ಗುಂಡಿ ಮೊದಲೇ ತೋಡಿಟ್ಟಿರುತ್ತಾರೆ. ಅದಕ್ಕೆ ನಾಲ್ಕು ದಿನ ಮೊದಲು ಜೂನ್ 1ರ ವರದಿ ಸಲ್ಲಿಕೆಯಾಗಿರುತ್ತದೆ. ಅದರ ಒಂದು ಪ್ರತಿ ಕೇಳಿ ಪಡೆಯಿರಿ, ಅದರಲ್ಲಿ ಬರೆದ ಸರ್ವೆ ನಂಬರಿಗೆ ನಡೆದುಕೊಂಡು ಹೋಗಿ, ಹೋದ ವರ್ಷದ ಯಾವುದಾದರೂ ಒಂದು ಗುಂಡಿಯಲ್ಲಿ ಕೈ ಇಳಿಸಿ ನೋಡಿ. ಬರುವ ದಾರಿಯಲ್ಲಿ ಸೇದುವ ಬಾವಿಗೆ ಹಗ್ಗ ಬಿಟ್ಟು, ನೀರು ತಾಗಿದ ಕಡೆ ಒಂದು ಗಂಟು ಹಾಕಿ, ಎಷ್ಟು ಮಾರು ಆಯಿತೆಂದು ತಾರೀಖಿನ ಜೊತೆ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿರಿ.